ಪ್ರಫುಲ್ಲಕ್ಕನ ಚುನಾವಣೆ

"ನಿಹಾಲನನ್ನು ಕರ್ಕೊಂಡು ಹೋಗಿ ಅಂತ ಹೇಳಿದ್ರು ಸ್ಕೂಲಿನವರು," ಎಂದು ನಾಫಿಯಾ ಬಾಗಿಲಲ್ಲೇ ನಿಂತು ಹೇಳಿದಾಗ ಪ್ರಫುಲ್ಲಾಳ ಕೈಯಲ್ಲಿ ನೀರುದೋಸೆ ಹಿಟ್ಟಿನ ಸೌಟು ಇತ್ತು.

"ಎಂತ, ಜ್ವರವಾ ಅವನಿಗೆ?"

"ಇವತ್ತಿಗಲ್ಲ ಅಕ್ಕ. ಪೂರ್ತಿ. ಟಿಸಿ ತಗೊಳ್ಳಿ ಅಂತ."

ಕಾವಲಿಯ ಮೇಲಿದ್ದ ದೋಸೆ ಸೀದ ವಾಸನೆ ಬಂತು. ಪ್ರಫುಲ್ಲಾ ಒಲೆ ಆರಿಸಿ, ನಾಫಿಯಾಳ ಕೈ ಹಿಡಿದು ಒಳಗೆ ಎಳೆದಳು. ಹಿಂದೆಯೇ ಹತ್ತು ವರ್ಷದ ನಿಹಾಲ್ ಬ್ಯಾಗು ಬೆನ್ನಿಗೆ ಹಾಕಿಕೊಂಡು ಬಂದವನು ಯಾರ ಮುಖವನ್ನೂ ನೋಡದೆ ಸೀದಾ ಹೋಗಿ ಸೋಫಾದ ತುದಿಯಲ್ಲಿ ಕುಳಿತ. ಅವನು ಯಾವತ್ತೂ ಹಾಗೇ. ಮಾತು ಕಡಿಮೆ, ಆಡಿದರೂ ಬೇರೆಯವರು ಆಡಿದ್ದನ್ನೇ ತಿರುಗಿ ಆಡುತ್ತಾನೆ. ಲೆಕ್ಕದಲ್ಲಿ ಮಾತ್ರ ಇಡೀ ತರಗತಿಗೆ ಮುಂದು. ಶಾಲೆಯ ಗಂಟೆ ಹೊಡೆದರೆ ಎರಡೂ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ. ಅವನನ್ನು ಸಮಾಧಾನ ಮಾಡಿ ಟೀಚರು ಪಾಠ ಶುರು ಮಾಡುವಾಗ ಸ್ವಲ್ಪ ತಡವಾಗುತ್ತದೆ.

"ಟಿಸಿ ತಗೊಳ್ಳಿ ಅನ್ಲಿಕ್ಕೆ ಅವರಪ್ಪನ ಮನೆಯ ಸ್ಕೂಲಾ ಅದು?" ಪ್ರಫುಲ್ಲಾಳ ಧ್ವನಿ ಏರಿತು. "ನಾನು ಇಲ್ವಾ? ನಾಳೆ ಬೆಳಿಗ್ಗೆ ಹೋಗುವ. ನಾನು ಮಾತಾಡ್ತೇನೆ."

ಪ್ರಫುಲ್ಲಾ ಮಾತಾಡುತ್ತೇನೆ ಎಂದರೆ ದುಬೈಯ ಅಲ್ ಬರ್ಷಾದ ಆ ಕಟ್ಟಡದಲ್ಲಿ ಅದಕ್ಕೊಂದು ಬೆಲೆ ಇತ್ತು. ಹೋದ ಬೇಸಿಗೆಯಲ್ಲಿ ಇಡೀ ಕಟ್ಟಡದ ಏಸಿ ಕೈಕೊಟ್ಟಾಗ ನೈಟಿಯ ಮೇಲೊಂದು ಶಾಲು ಹೊದ್ದು ಕೆಳಗಿಳಿದು, ಹಿಂದಿಯಲ್ಲಿ, ಮಲಯಾಳದಲ್ಲಿ, ಗೊತ್ತಿದ್ದ ಎರಡೇ ಅರಬ್ಬಿ ಶಬ್ದಗಳಲ್ಲಿ ಬೈದು ರಿಪೇರಿಯವರನ್ನು ಓಡಿಬರುವಂತೆ ಮಾಡಿದವಳು ಅವಳು. ಕಾರ್ಕಳದ ಕಡೆಯ ಈ ತುಳುವಿನವಳಿಗೂ ಎರಡನೇ ಮಹಡಿಯ ಒಂದೇ ಕೋಣೆಯ ಸ್ಟುಡಿಯೋ ಮನೆಯಲ್ಲಿದ್ದ ಉಳ್ಳಾಲದ ಬ್ಯಾರಿ ಹುಡುಗಿ ನಾಫಿಯಾಳಿಗೂ ಸ್ನೇಹವಾದದ್ದು ಕೂಡ ಆ ದಿನವೇ. ಪ್ರಫುಲ್ಲಾಳ ಮಗ ಹರ್ಷಿತ್ ಮತ್ತು ನಿಹಾಲ್ ಇಬ್ಬರೂ ಐದನೇ ಬಿ ತರಗತಿ.

ಶಾಲೆ ಊರಿನವರೇ ಟ್ರಸ್ಟು ಮಾಡಿ ನಡೆಸುತ್ತಿದ್ದದ್ದು. ಅದರ ಬೋರ್ಡಿನಲ್ಲಿ ಹೆತ್ತವರಿಗೆಂದು ಒಂದು ಜಾಗವಿದೆ, ಅದಕ್ಕೆ ಚುನಾವಣೆ, ಮನೆಗೊಂದು ವೋಟು. "ನೀವೇ ನಿಲ್ಬೇಕು ಅಕ್ಕ, ನಮ್ಮಂಥವರಿಗೆ ಬಾಯಿ ಎಲ್ಲುಂಟು?" ಎಂದು ಈ ಸಲ ಅವಳನ್ನು ಹುರಿದುಂಬಿಸಿದವಳು ನಾಫಿಯಾ. 'ಪ್ರತಿಯೊಂದು ಮಗುವಿಗೂ' ಎಂಬ ಘೋಷಣೆ ಪ್ರಫುಲ್ಲಾಳದ್ದು, ಅದನ್ನು ಫೋನಿನಲ್ಲಿ ಚೆಂದದ ಪೋಸ್ಟರ್ ಮಾಡಿ ಎಲ್ಲ ಗ್ರೂಪುಗಳಿಗೆ ಹಾಕಿದವಳು ನಾಫಿಯಾ. ನಿಂತವರು ಮೂವರು. ಉಳಿದಿಬ್ಬರು ದೊಡ್ಡ ಕಂಪೆನಿಗಳ ಮ್ಯಾನೇಜರುಗಳು.

"ಅವನ ಜೊತೆಗೆ ಇಡೀ ದಿನ ಕೂರ್ಲಿಕ್ಕೆ ಬೇರೆ ಟೀಚರನ್ನು ನಮ್ಮ ಖರ್ಚಲ್ಲಿ ಇಡ್ಬೇಕಂತೆ," ಎಂದಳು ನಾಫಿಯಾ. "ಇಲ್ಲದಿದ್ರೆ ಅವನಿಗೆ ಸರಿಯಾದ ಬೇರೆ ಜಾಗ ಹುಡುಕಿ ಅಂತ. ಇವರ ಸಂಬಳ ಪೂರಾ ಆ ಟೀಚರಿಗೇ ಹೋದೀತು. ನಡುವರ್ಷದಲ್ಲಿ ಬೇರೆ ಯಾವ ಸ್ಕೂಲು ತಗೊಳ್ತದೆ? ಸೀಟಿಲ್ಲ ಅಂದ್ರೆ ನಾನು ಮಗನನ್ನು ಕಟ್ಟಿಕೊಂಡು ಊರಿಗೆ ಹೋಗುವುದು, ಇವರು ಬೆಡ್ ಸ್ಪೇಸಿಗೆ, ಹತ್ತು ಜನರ ರೂಮಿಗೆ ಹೋಗುವುದು."

ಅವಳ ಗಂಡ ಅಬ್ದುಲ್ ರವೂಫ್ ರಾಸ್ ಅಲ್ ಖೋರಿನಲ್ಲಿ ಹಳೆ ಗಾಡಿಗಳ ಬಿಡಿಭಾಗ ಮಾರುವ ಅಂಗಡಿಯಲ್ಲಿ ಸೇಲ್ಸ್‌ಮನ್. ಕೈಗೆ ಗ್ರೀಸು ಮೆತ್ತಿಕೊಂಡು ಬಂದವನು ಸ್ನಾನ ಮಾಡಿ ಮಗನ ಪಕ್ಕ ಕೂತರೆ ನಿಹಾಲ್ ಅವನ ಮೊಣಕೈ ಹಿಡಿದುಕೊಂಡೇ ನಿದ್ದೆ ಹೋಗುವುದು.

"ವಿಡಿಯೋ ಕಾಲ್ ಮಾಡಿದ್ರೆ ನೋಡುವುದಿಲ್ಲ ಅಕ್ಕ ಇವನು. ಫೋನು ಮಗುಚಿ ಇಡ್ತಾನೆ." ನಾಫಿಯಾ ಅಷ್ಟು ಹೇಳಿ ಅತ್ತಳು.

"ಸುಮ್ನೆ ಇರು ಮಾರಾಯ್ತಿ. ನಾಳೆ ಆ ಪ್ರಿನ್ಸಿಪಾಲಿಗೆ ಮೈಯ ನೀರು ಇಳಿಸದಿದ್ರೆ ನನ್ನ ಹೆಸರು ಪ್ರಫುಲ್ಲಾ ಅಲ್ಲ."

ಮರುದಿನ ಬೆಳಿಗ್ಗೆ ಇಬ್ಬರೂ ಪ್ರಿನ್ಸಿಪಾಲರ ಎದುರು ಕುಳಿತಿದ್ದರು. ಆಕೆ ನಿಧಾನದ ಹೆಂಗಸು, ಇಂಗ್ಲಿಷನ್ನು ಕೂಡ ಹತ್ತಿಯಲ್ಲಿ ಸುತ್ತಿಟ್ಟಂತೆ ಮಾತಾಡುವವರು. ಪ್ರಫುಲ್ಲಾ ಉಸಿರು ಬಿಡದೆ ಬೈದದ್ದನ್ನೆಲ್ಲ ಕೇಳಿಸಿಕೊಂಡರು. ದುಬೈಯ ಕಾನೂನು ಏನು ಹೇಳುತ್ತದೆ, ಒಂದು ಮಗುವನ್ನು ಹೊರಗೆ ಹಾಕಿ ಉಳಿದವರಿಗೆ ಎಂಥ ವಿದ್ಯೆ, ನಾಳೆ ಬೋರ್ಡಿಗೆ ಬಂದರೆ ಇದೇ ಮೊದಲ ಪ್ರಶ್ನೆ ಎಂದೆಲ್ಲ ಅವಳು ಹೇಳಿ ಮುಗಿಸಿದ ಮೇಲೆ ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೇಡಂ, ನನಗೂ ಮನಸ್ಸಿರಲಿಲ್ಲ. ನಿಹಾಲ್ ವಿಷಯದಲ್ಲಿ ಎರಡು ತಿಂಗಳಿಂದ ತಳ್ಳಿಕೊಂಡು ಬಂದಿದ್ದೆ. ಆದರೆ ಕಾಫಿ ಮಾರ್ನಿಂಗ್ ದಿನ ಎಲ್ಲರ ಎದುರು ಎದ್ದು ನಿಂತು ಕ್ರಮ ತೆಗೆದುಕೊಳ್ಳಿ ಎಂದವರು ನೀವೇ ಅಲ್ಲವೇ?"

"ನಾನಾ?" ಪ್ರಫುಲ್ಲಾ ನಕ್ಕೇಬಿಟ್ಟಳು.

"'ಈ ಅಮ್ಮಂದಿರು ತಿಳಿಸಿರುವ ತೊಂದರೆಯನ್ನು ಈ ವಾರದೊಳಗೆ ತೆಗೆದುಹಾಕಿ, ನಮ್ಮ ಮಕ್ಕಳು ನೆಮ್ಮದಿಯಿಂದ ಕಲಿಯಲಿ.' ನಿಮ್ಮದೇ ಮಾತು. ಎಲ್ಲರೂ ಚಪ್ಪಾಳೆ ತಟ್ಟಿದರು."

ಪ್ರಫುಲ್ಲಾಳ ನಗು ಮುಖದ ಮೇಲೆ ಹಾಗೇ ಉಳಿಯಿತು. ತೆಗೆಯುವುದಕ್ಕೂ ಅವಳಿಗೆ ತೋಚಲಿಲ್ಲ. ಹೌದು, ಹೇಳಿದ್ದಳು. ಪ್ರಿನ್ಸಿಪಾಲರ ಜೊತೆ ಹೆತ್ತವರು ಕಾಫಿ ಕುಡಿಯುತ್ತ ಕಷ್ಟಸುಖ ಮಾತಾಡುವ ಆ ಬೆಳಿಗ್ಗೆ ಸಬೀನ ಅವಳ ಪಕ್ಕಕ್ಕೆ ಬಂದು ಕುಳಿತಿದ್ದಳು. ಐದನೇ ಬಿಯ ರಾಝಿಕ್‌ನ ಅಮ್ಮ. "ಪ್ರಫುಲ್ಲಕ್ಕ, ನಮ್ಮ ಕ್ಲಾಸಿನದ್ದು ಒಂದು ಸೇಫ್ಟಿ ವಿಷಯ ಉಂಟು. ಮೇಡಮ್ಮಿಗೆ ಹೇಳಿ ಹೇಳಿ ಸಾಕಾಯ್ತು. ನಿಮ್ಮ ಹಾಗೆ ಮಾತಾಡ್ಲಿಕ್ಕೆ ನಮಗೆ ಬರುವುದಿಲ್ಲ, ಒಮ್ಮೆ ಎದ್ದು ನಾಲ್ಕು ಮಾತು ಹೇಳಿಬಿಡಿ. ನಮ್ಮ ವೋಟೆಲ್ಲ ನಿಮಗೇ," ಎಂದಿದ್ದಳು. ಪ್ರಫುಲ್ಲಾಳ ಕಿವಿಗೆ ಬಿದ್ದದ್ದು ವೋಟು ಎನ್ನುವುದೊಂದೇ. ಸೇಫ್ಟಿ ಎಂದರೆ ಐದನೇ ಬಿಗೆ ಹತ್ತುವ ಮೂರನೇ ಮಹಡಿಯ ಮೆಟ್ಟಿಲಿನ ಸಡಿಲಾದ ಕಂಬಿ ಎಂದು ಅವಳೇ ಎಣಿಸಿಕೊಂಡಳು, ಎದ್ದು ನಿಂತಳು, ನಾಲ್ಕರ ಬದಲು ನಲವತ್ತು ಮಾತು ಹೇಳಿದಳು. ನಾಫಿಯಾ ಆ ದಿನ ಮಗನನ್ನು ಸ್ಪೀಚ್ ಕ್ಲಾಸಿಗೆ ಕರೆದುಕೊಂಡು ಹೋಗಿದ್ದಳು.

"ನಾನು ಹೇಳಿದ್ದು ಮೆಟ್ಟಿಲಿನ ಕಂಬಿಯ ಬಗ್ಗೆ!" ಎಂದಳು ಪ್ರಫುಲ್ಲಾ. ತನ್ನ ಧ್ವನಿ ತನಗೇ ಪೆದ್ದುಪೆದ್ದಾಗಿ ಕೇಳಿಸಿತು.

"ಅದನ್ನು ರಜೆಯಲ್ಲೇ ಸರಿಮಾಡಿಸಿದ್ದೇವೆ ಮೇಡಂ."

"ಹಾಗಾದ್ರೆ ನನ್ನ ಮಾತನ್ನು ವಾಪಸ್ ತಗೊಳ್ತೇನೆ. ಈಗಲೇ. ನಾನು ಹಾಗೆ ಹೇಳಿಯೇ ಇಲ್ಲ ಅಂತ ತಿಳ್ಕೊಳ್ಳಿ."

"ನೀವೊಬ್ಬರು ತೆಗೆದುಕೊಂಡರೆ ಆಗುವುದಿಲ್ಲ. ಆ ಅಮ್ಮಂದಿರು ದೂರು ಹಿಂದೆ ಪಡೆಯಲಿ, ಇಲ್ಲವೇ ಬೋರ್ಡು ಹೇಳಲಿ. ನಿಹಾಲ್ ಇಲ್ಲೇ ಇರುತ್ತಾನೆ. ಯಾರೂ ಹೇಳದಿದ್ದರೆ ನನ್ನ ಕೈ ಕಟ್ಟಿದೆ."

ಪ್ರಫುಲ್ಲಾ ಪಕ್ಕಕ್ಕೆ ತಿರುಗಿದಳು. ನಾಫಿಯಾ ಮೇಜಿನ ಮೇಲಿದ್ದ ಎರಡು ಪುಟ್ಟ ಬಾವುಟಗಳನ್ನು ನೋಡುತ್ತಿದ್ದಳು, ಒಂದು ಈ ದೇಶದ್ದು, ಒಂದು ಆ ದೇಶದ್ದು. ಅವಳು ಬೈದಿದ್ದರೆ ಪ್ರಫುಲ್ಲಾಳಿಗೆ ಜೀವ ಬರುತ್ತಿತ್ತು.

ವಾಪಸ್ ಬರುವಾಗ ಟ್ಯಾಕ್ಸಿ ಸಿಗ್ನಲಿನಲ್ಲಿ ನಿಂತಾಗ ಪ್ರಫುಲ್ಲಾಳೇ ಶುರು ಮಾಡಿದಳು. "ನಾಫಿಯಾ, ದೇವರಾಣೆ ನಂಗೆ ಗೊತ್ತಿರ್ಲಿಲ್ಲ. ನಿನ್ನ ಮಗನ ಮೇಲಾಣೆ."

"ಅವನ ಮೇಲೆ ಆಣೆ ಬೇಡ ಅಕ್ಕ." ನಾಫಿಯಾ ಕಿಟಕಿಯ ಆಚೆ ನೋಡುತ್ತಲೇ ಹೇಳಿದಳು. "ನಿಮಗೆ ಗೊತ್ತಿರ್ಲಿಲ್ಲ ಅಂತ ನಂಗೆ ಗೊತ್ತುಂಟು. ಆದ್ರೆ ಎಂತ ವಿಷಯ ಅಂತ ಒಂದು ಮಾತು ಕೇಳ್ಬಹುದಿತ್ತಲ್ಲ."

ಯಾರಾದರೂ ಮಾತಾಡಿ ಎಂದರೆ ಸಾಕು, ಏನು ಎತ್ತ ಎಂದು ಕೇಳುವ ಮೊದಲು ಎದ್ದು ನಿಂತೇ ಪ್ರಫುಲ್ಲಾಳಿಗೆ ಅಭ್ಯಾಸ. ಇಷ್ಟು ವರ್ಷ ಅದನ್ನೇ ಎಲ್ಲರೂ ಹೊಗಳಿದ್ದರು.

ಮನೆಗೆ ಬಂದವಳೇ ಸಬೀನಳಿಗೆ ಫೋನು ಮಾಡಿದಳು. ಉಗಿದುಬಿಡಬೇಕು ಎಂದುಕೊಂಡಿದ್ದಳು. ಸಬೀನ ನಿಜವಾಗಿಯೂ ಆಶ್ಚರ್ಯಪಟ್ಟಳು.

"ಅಲ್ಲ, ನಿಮಗೆ ಗೊತ್ತಿರ್ಲಿಲ್ವಾ? ಯಾ ಅಲ್ಲಾ! ನಾವೆಲ್ಲ ಎಣಿಸಿದ್ದು, ಅಷ್ಟು ದೋಸ್ತಿ ಇದ್ದರೂ ಮಕ್ಕಳ ಒಳ್ಳೇದಕ್ಕೆ ಪ್ರಫುಲ್ಲಕ್ಕ ಧೈರ್ಯ ಮಾಡಿ ಹೇಳಿದ್ರು ಅಂತ. ಎಲ್ಲರೂ ನಿಮ್ಮನ್ನು ಎಷ್ಟು ಮೆಚ್ಚಿದ್ದು ಗೊತ್ತುಂಟಾ?"

ಪ್ರಫುಲ್ಲಾಳಿಗೆ ಪ್ರಿನ್ಸಿಪಾಲರ ಕೋಣೆಯಲ್ಲಿ ಬಿದ್ದ ಪೆಟ್ಟಿಗಿಂತ ಇದು ಜೋರಾಗಿತ್ತು. ಅವಳು ಗೆಳತಿಯ ಮಗುವನ್ನು ಗೊತ್ತಿದ್ದೇ ಹೊರಗೆ ಹಾಕಿಸುವವಳು ಎಂದು ಇಷ್ಟು ಜನ ಸಲೀಸಾಗಿ ನಂಬಿದ್ದರು, ನಂಬಿ ಮೆಚ್ಚಿಯೂ ಇದ್ದರು.

"ನಾಫಿಯಾ ನಂಗೂ ದೂರದವಳಲ್ಲ ಅಕ್ಕ, ನಮ್ಮ ಮಾವನ ಕಡೆಯಿಂದ ಸಂಬಂಧ," ಸಬೀನ ಹೇಳುತ್ತಲೇ ಇದ್ದಳು. "ಆದ್ರೆ ಪೋರ್ಷನ್ ಮುಗೀಲಿಕ್ಕೆ ಬೇಡ್ವಾ? ದಿನಾ ಆ ಕಿರುಚಾಟ. ರಾಝಿಕ್ ಮನೇಲೂ ಕಿವಿ ಮುಚ್ಚಿಕೊಳ್ತಾನೆ ಈಗ."

"ದೂರು ವಾಪಸ್ ತಗೊಳ್ಳಿ ಸಬೀನ. ನಾನು ಕೈ ಮುಗೀತೇನೆ."

"ಅದು ನಾನೊಬ್ಬಳು ಮಾಡಿದ್ದಲ್ಲ ಅಕ್ಕ. ಖಲಾಸ್, ಆಗಿಹೋಯ್ತು. ನೀವು ಎಲೆಕ್ಷನ್ ಕಡೆ ನೋಡಿ. ಈಗ ಹೀಗೆಲ್ಲ ಮಾತಾಡಿದ್ರೆ ನಿಮಗೇ ನಷ್ಟ."

ಜುಮೇರಾ ಲೇಕ್ ಟವರ್ಸಿನ ಆಫೀಸಿನಿಂದ ಮೋಹನದಾಸ್ ಮನೆಗೆ ಬಂದಾಗ ಹೆಂಡತಿ ದೀಪವನ್ನೂ ಹಾಕದೆ ಕುಳಿತಿದ್ದಳು. ಎಲ್ಲ ಕೇಳಿದ. ಅವನು ಸಿಟ್ಟುಗಾರನಲ್ಲ, ಲೆಕ್ಕಾಚಾರದ ಮನುಷ್ಯ.

"ನಾನು ಈಗಲೇ ಎಲ್ಲ ಗ್ರೂಪಿಗೂ ಹಾಕ್ತೇನೆ," ಎಂದಳು ಪ್ರಫುಲ್ಲಾ. "ನನ್ನಿಂದ ತಪ್ಪಾಯ್ತು, ನಿಹಾಲ್ ಹೋಗಬಾರದು, ನಾನು ಅವನ ಪರ ಅಂತ."

"ಹಾಕು. ಆ ಅಮ್ಮಂದಿರ ವೋಟು ಹೋಯ್ತು, ಅವರು ಹೇಳಿದವರದ್ದೂ ಹೋಯ್ತು. ನೀನು ಸೋತೆ. ಆಮೇಲೆ ಬೋರ್ಡಿನಲ್ಲಿ ನಿಹಾಲ್ ಪರ ಯಾರು ಮಾತಾಡುವುದು? ಆ ಮ್ಯಾನೇಜರುಗಳಾ?" ಮೋಹನದಾಸ್ ಶೂ ಬಿಚ್ಚುತ್ತ ಹೇಳಿದ. "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಇನ್ನು ಶುಕ್ರವಾರದವರೆಗೆ ಬಾಯಿ ಮುಚ್ಚಿಕೊಂಡಿರು ಮಾರಾಯ್ತಿ. ಮೊದಲು ಗೆಲ್ಲು, ಗೆದ್ದು ಸರಿಮಾಡು."

ಹರ್ಷಿತ್ ಊಟದ ಮೇಜಿನಿಂದ ತಲೆ ಎತ್ತಿದ. "ಬಟ್ ನಿಹಾಲ್ ಈಸ್ ಮೈ ಮ್ಯಾಥ್ಸ್ ಪಾರ್ಟ್ನರ್, ಅಮ್ಮ. ಹೂ ವಿಲ್ ಐ ಸಿಟ್ ವಿತ್?"

"ನೀನು ತಿನ್ನು," ಎಂದಳು ಪ್ರಫುಲ್ಲಾ.

ಗಂಡನ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ತಪ್ಪು ಕಾಣದ ಮಾತೇ ಒಮ್ಮೊಮ್ಮೆ ಮನೆ ಮುರಿಯುವುದು. ಹುಟ್ಟಿದಾಗಿನಿಂದ ಬಾಯಿ ಮುಚ್ಚಿ ಗೊತ್ತಿಲ್ಲದವಳು, ಬಾಯಿ ತೆರೆಯಲೇಬೇಕಾದ ಆ ಒಂದು ವಾರ ಬಾಯಿ ಮುಚ್ಚಿಕೊಂಡಳು. ನಾಫಿಯಾಳಿಗೆ ಮೆಸೇಜು ಹಾಕಿದಳು: ಶುಕ್ರವಾರದವರೆಗೆ ಕಾಯು, ನಾನು ಸರಿಮಾಡುತ್ತೇನೆ. 'ಸರಿ ಅಕ್ಕ' ಎಂದು ಉತ್ತರ ಬಂತು. ಬಂಗುಡೆ ಸಾರು ಮಾಡಿದ ದಿನ ಒಂದು ಡಬ್ಬಿ ತೆಗೆದುಕೊಂಡು ಎರಡನೇ ಮಹಡಿಗೆ ಇಳಿದಳು. ಬಾಗಿಲು ಅರ್ಧ ತೆರೆಯಿತು, ನಾಫಿಯಾ ಡಬ್ಬಿ ತೆಗೆದುಕೊಂಡು "ಯಾಕೆ ತೊಂದರೆ ತಗೊಂಡ್ರಿ" ಎಂದಳು. ಅವರಿಬ್ಬರ ನಡುವೆ ಆ ಮಾತು ಅದೇ ಮೊದಲು.

ಅಭ್ಯರ್ಥಿಗಳು ಮಾತಾಡುವ ಸಂಜೆ ಸಭಾಂಗಣದ ಮುಂದಿನ ಸಾಲಿನಲ್ಲಿ ಐದನೇ ಬಿಯ ಅಮ್ಮಂದಿರು ಕುಳಿತಿದ್ದರು. ಪ್ರಫುಲ್ಲಾ ಮಾತು ಶುರು ಮಾಡಿ, 'ಪ್ರತಿಯೊಂದು ಮಗುವಿಗೂ' ಎಂಬಲ್ಲಿಗೆ ಬಂದು ತಡವರಿಸಿದಳು. ನೀರು ಕುಡಿದಳು. ಈಗ ಹೇಳಿಬಿಡಲೇ ಎನ್ನಿಸಿತು. ಹಿಂದಿನ ಸಾಲಿನಲ್ಲಿ ಮೋಹನದಾಸ್ ಬೇಡ ಎನ್ನುವಂತೆ ಸಣ್ಣಗೆ ತಲೆಯಾಡಿಸಿದ. ಅವಳು ಹೇಳಲಿಲ್ಲ. ಆ ತಡವರಿಕೆಯನ್ನೂ ಜನ ಮಕ್ಕಳ ಮೇಲಿನ ಪ್ರೀತಿಯೆಂದು ತಿಳಿದು ಚಪ್ಪಾಳೆ ಹೊಡೆದರು.

ಶುಕ್ರವಾರ ಬೆಳಿಗ್ಗೆಯೇ ವೋಟು. ಆಫೀಸಿಗೆ ಹೋಗುವ ಅಪ್ಪಂದಿರು, ಮಗುವನ್ನು ಎತ್ತಿಕೊಂಡ ಅಮ್ಮಂದಿರು ಬಂದು ಹಾಕಿ ಹೋದರು. ಮಧ್ಯಾಹ್ನದ ಜುಮ್ಮಾ ನಮಾಜು ಮುಗಿಯುವಾಗ ಎಣಿಕೆಯೂ ಮುಗಿದಿತ್ತು. ಪ್ರಫುಲ್ಲಾ ಗೆದ್ದಿದ್ದಳು, ಗೆದ್ದದ್ದೂ ಸಣ್ಣ ಅಂತರದಲ್ಲಲ್ಲ. ಸಬೀನ ತಬ್ಬಿಕೊಂಡಳು. ಯಾರೋ ಕೇಕು ತಂದಿದ್ದರು. ಬಾಯಿಗೆ ತುರುಕಿದ ಕೇಕನ್ನು ನುಂಗುತ್ತಲೇ ಅವಳು ಪ್ರಿನ್ಸಿಪಾಲರ ಕೋಣೆಗೆ ಓಡಿದಳು.

"ಮೇಡಂ, ಮೊದಲ ಕೆಲಸ ನಿಹಾಲ್. ಬೋರ್ಡಿನ ಮೀಟಿಂಗು ಯಾವತ್ತು? ನಾಳೆಯೇ ಕರೆಯಿರಿ. ಅಲ್ಲಿಯತನಕ ಅವನ ಹೆಸರು ತೆಗೆಯುವ ಹಾಗಿಲ್ಲ."

ಪ್ರಿನ್ಸಿಪಾಲರು ಏನೋ ಹೇಳಲು ಹೋಗಿ, ಹೇಳದೆ, ಆಫೀಸಿನ ಕೊರಗಪ್ಪನನ್ನು ಕರೆದರು. ಉಡುಪಿಯ ಕಡೆಯವನು, ಹಳಬ. ಟಿಸಿ ಕೊಡುವುದು, ಫೀಸಿನ ಬಾಕಿ ನೋಡುವುದು ಅವನ ಕೆಲಸ.

"ನಿಹಾಲನ ಟಿಸಿ ಹೋಯ್ತಲ್ಲ ಅಕ್ಕ. ಇವತ್ತು ಬೆಳಿಗ್ಗೆ ಅವರ ತಂದೆ ಬಂದು ತಗೊಂಡು ಹೋದ್ರು," ಎಂದ ಕೊರಗಪ್ಪ. "ಮಂಗಳವಾರವೇ ರೆಡಿ ಇತ್ತು. ಫೋನು ಮಾಡಿದ್ರೆ ಶುಕ್ರವಾರ ಬರ್ತೇನೆ, ಶುಕ್ರವಾರ ಬರ್ತೇನೆ ಅಂತ ಹೇಳಿದ್ರು. ಯಾಕೆ ಅಂತ ನಂಗೆ ಅಂದಾಜಾಗ್ಲಿಲ್ಲ. ಬೆಳಿಗ್ಗೆ ಕೌಂಟರಿಗೆ ಬಂದವರು ಕೇಳಿದ್ದು, ಟಿಸಿ ಕೈಗೆ ತಗೊಂಡ ಮೇಲೆ ವೋಟು ಹಾಕ್ಲಿಕ್ಕೆ ಇಲ್ಲ ಅಲ್ವಾ ಅಂತ. ಇಲ್ಲ, ಆಮೇಲೆ ನೀವು ಈ ಸ್ಕೂಲಿನ ಪೇರೆಂಟ್ ಅಲ್ಲ ಅಂದೆ. ಹಾಗಾದ್ರೆ ಒಂದು ನಿಮಿಷ, ಈಗ ಬಂದೆ ಅಂತ ಹೋಗಿ ಕ್ಯೂನಲ್ಲಿ ನಿಂತು, ವೋಟು ಹಾಕಿ ಬಂದು ಟಿಸಿ ತಗೊಂಡ್ರು."

ಪ್ರಫುಲ್ಲಾಳ ಬಾಯಲ್ಲಿದ್ದ ಸಿಹಿ ಇದ್ದಲ್ಲೇ ಕಹಿಯಾಯಿತು. ಯಾರಿಗೆ ಹಾಕಿದ ಎಂದು ಅವಳು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಕಾರಿಡಾರಿನಲ್ಲಿ ಅವಳ ಹೆಸರು ಕೂಗುತ್ತಿದ್ದರು, ಫೋಟೋ ತೆಗೆಯಬೇಕಂತೆ. ಅವಳು ಹಿಂದಿನ ಗೇಟಿನಿಂದ ಹೊರಬಿದ್ದು ಸಿಕ್ಕಿದ ಟ್ಯಾಕ್ಸಿ ಹತ್ತಿದಳು.

ಎರಡನೇ ಮಹಡಿಯ ಬಾಗಿಲು ಈ ಸಲ ಪೂರ್ತಿ ತೆರೆದಿತ್ತು. ಒಳಗೆ ಕಾಲಿಡಲು ಜಾಗವಿಲ್ಲ. ರವೂಫ್ ಕೊಕ್ಕೆಯ ತಕ್ಕಡಿಗೆ ಸೂಟ್‌ಕೇಸು ಸಿಕ್ಕಿಸಿ ಎತ್ತಿ ತೂಕ ನೋಡುತ್ತಿದ್ದ. ನಾಫಿಯಾ ನೆಲದಲ್ಲಿ ಕುಳಿತು ನಿಹಾಲನ ಯೂನಿಫಾರ್ಮು ಮಡಚುತ್ತಿದ್ದಳು. ಇನ್ನು ಯಾವ ಶಾಲೆಗೂ ಬೇಡವಾದ ಬಟ್ಟೆ, ಆದರೂ ಇಸ್ತ್ರಿ ಹಾಕಿದ್ದಳು.

"ಬನ್ನಿ ಅಕ್ಕ," ಎಂದ ರವೂಫ್. "ಗೆದ್ರಿ ಅಂತ ಗ್ರೂಪಲ್ಲಿ ನೋಡಿದೆ. ಖುಷಿ ಆಯ್ತು."

"ಯಾಕೆ ಹಾಕಿದ್ರಿ ರವೂಫ್ ಭಾಯಿ? ನನಗೆ ಯಾಕೆ ಹಾಕಿದ್ರಿ?" ಪ್ರಫುಲ್ಲಾಳ ಸ್ವರ ಒಡೆಯಿತು. "ಶುಕ್ರವಾರದವರೆಗೆ ಕಾಯು ಅಂದಿದ್ದೆ ಅಲ್ವಾ ನಾಫಿಯಾ? ಇವತ್ತೇ ಅಲ್ವಾ ಶುಕ್ರವಾರ? ಒಂದು ದಿನ ನಿಲ್ಲುವ. ಟಿಸಿ ತಿರುಗಿ ಕೊಡುವ. ನಾನು ಈಗ ಬೋರ್ಡಿನಲ್ಲಿ ಇದ್ದೇನೆ."

"ಆ ಸೀಟು ವೇಟಿಂಗಲ್ಲಿ ಇದ್ದವರಿಗೆ ಸೋಮವಾರವೇ ಕೊಟ್ಟಾಯ್ತಂತೆ ಅಕ್ಕ," ರವೂಫ್ ತಕ್ಕಡಿಯನ್ನು ಕೆಳಗಿಟ್ಟ. "ನಾಳೆ ಮಧ್ಯಾಹ್ನದ ಫ್ಲೈಟು, ಮಂಗಳೂರಿಗೆ. ನಾನು ಇವರನ್ನು ಏರ್‌ಪೋರ್ಟಿಗೆ ಬಿಟ್ಟು ಬಂದು ನಾಡಿದ್ದು ಡ್ಯೂಟಿಗೆ ಸೇರ್ಬೇಕು."

"ಆದರೂ ವೋಟು?"

ನಾಫಿಯಾ ಮಡಚಿದ ಶರ್ಟನ್ನು ಬ್ಯಾಗಿನಲ್ಲಿಟ್ಟು ಅಂಗೈಯಿಂದ ಒತ್ತಿದಳು. "ನಾನೇ ಹೇಳಿದ್ದು, ಮೊದಲು ವೋಟು ಹಾಕಿ ಆಮೇಲೆ ಟಿಸಿ ತಗೊಳ್ಳಿ ಅಂತ. ನಿಮಗೆ ವಿಷಯ ಗೊತ್ತಾದ ಮೇಲೆ ನಿದ್ದೆ ಇಲ್ಲ ಅಂತ ಮೋಹನಣ್ಣ ಲಿಫ್ಟಲ್ಲಿ ಹೇಳಿದ್ರು. ಉಳಿದವರಿಗೆ ಗೊತ್ತಿದ್ದೂ ನಿದ್ದೆ ಬರ್ತದಲ್ಲ ಅಕ್ಕ." ಇನ್ನೊಂದು ಶರ್ಟು ಎತ್ತಿಕೊಂಡು ಮತ್ತೆ ಹೇಳಿದಳು. "ಆದ್ರೆ ಆ ದಿನ ಸ್ಟೇಜಲ್ಲಿ ನೀವು ಅವನ ಹೆಸರು ಹೇಳ್ತೀರಿ ಅಂತ ನಾನು ಎಣಿಸಿದ್ದೆ. ಹಿಂದೆ ನಿಂತಿದ್ದೆ ನಾನು, ಬಾಗಿಲ ಹತ್ರ."

ಪ್ರಫುಲ್ಲಾ ಗೋಡೆಗೆ ಒರಗಿದಳು. ಏನಾದರೂ ಹೇಳಬೇಕಿತ್ತು. ಕ್ಷಮಿಸು ಎನ್ನುವ ಮಾತು ಬಾಯಿಯವರೆಗೆ ಬಂತು, ಅದೂ ಇಷ್ಟಕ್ಕೆ ತೀರಾ ಸಣ್ಣದೆನ್ನಿಸಿ ಅಲ್ಲೇ ನಿಂತಿತು.

ಅಷ್ಟರಲ್ಲಿ ನಿಹಾಲ್ ಮೂಲೆಯ ಮಂಚದಿಂದ ಎದ್ದು ಬಂದ. ಅವಳ ಮುಂದೆ ನಿಂತು, ಅವಳ ಭುಜದ ಆಚೆಗಿನ ಗೋಡೆಯನ್ನು ನೋಡುತ್ತ ಸ್ಪಷ್ಟವಾಗಿ ಹೇಳಿದ. "ಕಂಗ್ರಾಚುಲೇಶನ್ಸ್ ಪ್ರಫುಲ್ಲಾ ಆಂಟಿ."

"ಬೆಳಿಗ್ಗೆಯಿಂದ ಕಲಿಸಿದ್ದು," ಎಂದಳು ನಾಫಿಯಾ. "ನೀವು ಗೆಲ್ತೀರಿ ಅಂತ ಗೊತ್ತಿತ್ತು."

"ಕಂಗ್ರಾಚುಲೇಶನ್ಸ್ ಪ್ರಫುಲ್ಲಾ ಆಂಟಿ," ಎಂದ ನಿಹಾಲ್ ಮತ್ತೊಮ್ಮೆ. ಕಲಿತ ಮಾತು ಅವನಿಗೆ ಹಿಡಿಸಿದಂತಿತ್ತು. ಮತ್ತೂ ಒಮ್ಮೆ ಹೇಳಿದ. "ಸಾಕು ಮೋನೆ," ಎಂದು ರವೂಫ್ ಅವನ ತಲೆ ಸವರಿದ. ನಿಹಾಲ್ ನಿಲ್ಲಿಸಲಿಲ್ಲ.

ಪ್ರಫುಲ್ಲಾ ಅವನನ್ನು ಮುಟ್ಟಲು ಕೈ ಚಾಚಿ, ಹಿಂದೆ ತೆಗೆದುಕೊಂಡು, ಹೊರಗೆ ಬಂದಳು. ಲಿಫ್ಟು ಅಲ್ಲೇ ನಿಂತಿತ್ತು. ಒಳಗೆ ಹೋದಳು, ಬಾಗಿಲು ತಾನಾಗಿ ಮುಚ್ಚಿತು. ಯಾವ ಗುಂಡಿಯನ್ನೂ ಒತ್ತದೆ ನಿಂತಳು. ಲಿಫ್ಟು ಎರಡನೇ ಮಹಡಿಯಲ್ಲೇ ಇತ್ತು, ಹೊರಗಿನಿಂದ ಆ ಹುಡುಗನ ಸ್ವರ ಒಂದೇ ಸಮನೆ ಕೇಳಿಸುತ್ತಿತ್ತು.